ಅಕ್ಕಿ ಪಾನಕದ ಮೊದಲ ಲೋಟ

ತುಂಗಭದ್ರೆ ಬಂಡೆಗಳ ನಡುವೆ ಬಳಸಿಕೊಂಡು ಹೋಗುವ ಒಂದು ಕಡೆ ಅಡವಯ್ಯ ತಾತನ ಆಶ್ರಮವಿತ್ತು. ಆಶ್ರಮವೆಂದರೆ ಮೂರು ಕೋಣೆ, ಒಂದು ಬೇವಿನ ಮರ, ಹೊಳೆಗೆ ಇಳಿಯುವ ಕಲ್ಲಿನ ಮೆಟ್ಟಿಲು. ಹಿಂದೆ ಕಣ್ಣು ಹಾಯುವಷ್ಟು ದೂರ ಭತ್ತದ ಗದ್ದೆ.

ಎಲ್ಲರ ಕೈಗೂ ಫೋನು ಬರುವುದಕ್ಕಿಂತ ಮುಂಚಿನ ಮಾತು ಇದು.

ತಾತನ ಜೊತೆ ಇದ್ದ ಶಿಷ್ಯ ಒಬ್ಬನೇ, ಪಂಪಣ್ಣ. ನಲವತ್ತರ ಆಸುಪಾಸಿನವನು. ಮೊದಲು ಪೇಟೆಯ ಒಂದು ಖಾನಾವಳಿಯಲ್ಲಿ ಅಡಿಗೆ ಮಾಡುತ್ತಿದ್ದ. ಒಂದು ದಿನ ಅದನ್ನು ಬಿಟ್ಟು ಬಂದು ತಾತನ ಮುಂದೆ ನಿಂತ. ಯಾಕೆ ಬಿಟ್ಟೆ ಎಂದು ತಾತ ಕೇಳಲಿಲ್ಲ, ಅವನೂ ಹೇಳಲಿಲ್ಲ. ಒಲೆ ಅಲ್ಲಿದೆ ಎಂದು ತಾತ ಕೈ ತೋರಿಸಿದರು. ಅವತ್ತಿನಿಂದ ಹನ್ನೊಂದು ವರ್ಷ ಅವನು ಆ ಒಲೆಯ ಮುಂದೆಯೇ ಇದ್ದ.

ಪಂಪಣ್ಣನಿಗೆ ಒಂದು ನೇಮವಿತ್ತು. ಆಶ್ರಮದಲ್ಲಿ ಇರುವವರೆಲ್ಲ ಉಂಡು ಕೈ ತೊಳೆಯುವ ತನಕ ಅವನು ಒಂದು ಅಗುಳು, ಒಂದು ಹನಿ ಬಾಯಿಗೆ ಹಾಕುತ್ತಿರಲಿಲ್ಲ. ಸಾರಿನ ಉಪ್ಪನ್ನು ಕೂಡ ನಾಲಿಗೆಗೆ ಹಚ್ಚಿ ನೋಡುತ್ತಿರಲಿಲ್ಲ. ಪಾತ್ರೆಯ ಮೇಲೆ ಬಗ್ಗಿ, ಏಳುವ ಆವಿಯನ್ನು ಮೂಸಿ, ಇನ್ನೊಂದು ಚಿಟಿಕೆ ಬೇಕು ಎಂದು ಹೇಳುತ್ತಿದ್ದ. ಅದು ತಪ್ಪುತ್ತಿರಲಿಲ್ಲ.

ಹುಣ್ಣಿಮೆಗೆ ಬರುವ ಭಕ್ತರು ಇದನ್ನು ಮಾತಾಡಿಕೊಳ್ಳುತ್ತಿದ್ದರು. ಇಂಥ ನಿಷ್ಠೆ ಎಲ್ಲೂ ಕಂಡಿಲ್ಲ ಎನ್ನುತ್ತಿದ್ದರು. ಪಂಪಣ್ಣ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ. ತಾತ ಮಾತ್ರ ಒಳ್ಳೆಯದು ಎಂದೂ ಹೇಳಿರಲಿಲ್ಲ, ಬೇಡ ಎಂದೂ ಹೇಳಿರಲಿಲ್ಲ.

ಒಂದು ಚಳಿಗಾಲದ ಬೆಳಿಗ್ಗೆ ಹೊಳೆಯ ಮೇಲೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಸುರುವಾಯಿತು ಗೊತ್ತಾಗುತ್ತಿರಲಿಲ್ಲ. ಆ ಬಿಳುಪಿನೊಳಗಿಂದ ಒಂದು ಹರಿಗೋಲು ಬಂತು. ಲಾಲಸಾಬ ಹುಟ್ಟು ಹಾಕುತ್ತಿದ್ದ. ಹರಿಗೋಲಿನ ತಳದಲ್ಲಿ ಒಬ್ಬ ಹೆಂಗಸು ಕಂಬಳಿ ಹೊದ್ದು ಮಲಗಿದ್ದಳು.

ಲಾಲಸಾಬ ಹಂಪಿ ನೋಡಲು ಬರುವ ಪರದೇಶದವರನ್ನು ಹೊಳೆ ದಾಟಿಸುವವನು. ಇಪ್ಪತ್ತು ವರ್ಷ ಅವರ ಮಾತು ಕೇಳಿ ಕೇಳಿ ನಾಲ್ಕಾರು ಭಾಷೆಗಳನ್ನು ಅರ್ಧಂಬರ್ಧ ಕಲಿತಿದ್ದ. ಅವನೇ ಎಲ್ಲ ವಿವರಿಸಿದ. ಈಕೆ ಮೆಕ್ಸಿಕೋ ಎಂಬ ದೇಶದವಳು. ವಯಸ್ಸು ಅರವತ್ತು ದಾಟಿದೆ. ಊರಿನವರ ಗುಂಪಿನ ಜೊತೆ ಬಂದಿದ್ದಳು, ಇಲ್ಲಿ ಜ್ವರ ಬಂತು, ಪೇಟೆಯ ಆಸ್ಪತ್ರೆಯಲ್ಲಿ ಎಂಟು ದಿನ ಇದ್ದಳು. ಜ್ವರ ಇಳಿದಿದೆ. ಆದರೆ ಅನ್ನ ಸೇರುತ್ತಿಲ್ಲ. ಗುಂಪು ಮುಂದಿನ ಊರಿಗೆ ಹೋಗಿದೆ, ಹದಿನೈದು ದಿನಕ್ಕೆ ಬಂದು ಕರೆದುಕೊಂಡು ಹೋಗುತ್ತಾರೆ. ಅಷ್ಟರಲ್ಲಿ ಹೊಟ್ಟೆಗೆ ಏನಾದರೂ ಹೋಗದಿದ್ದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ಎಲ್ಲಿ ಇಡಬೇಕೋ ತಿಳಿಯದೆ ಇಲ್ಲಿಗೆ ತಂದೆ ಎಂದ.

ಹೆಸರೇನು ಎಂದು ತಾತ ಕೇಳಿದರು.

ಹೆಂಗಸು ಕಣ್ಣು ತೆರೆಯದೆ ಎಲ್ವಿರಾ ಎಂದಳು. ಲಾಲಸಾಬ ಆಗಲೇ ಅದನ್ನು ಎಲ್ಲವ್ವ ಎಂದು ಮಾಡಿಕೊಂಡಿದ್ದ. ತಾತನೂ ಹಾಗೇ ಕರೆದರು. ಬೇವಿನ ಮರದ ಕಡೆ ಬಾಗಿಲಿದ್ದ ಕೋಣೆಯಲ್ಲಿ ಅವಳಿಗೆ ಮಂಚ ಹಾಕಿಸಿದರು.

ಪಂಪಣ್ಣ ಗಂಜಿ ಕಾಸಿದ. ಎಲ್ಲವ್ವ ಎರಡು ಚಮಚ ಕುಡಿದು ಕೈ ಮುಗಿದಳು. ಮೊಸರನ್ನ ಕಲಸಿದ, ನೋಡಿ ಕೈ ಮುಗಿದಳು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಒಯ್ದ, ಅವನ ಕಡೆಗೇ ಕೈ ತೋರಿಸಿ ನೀನು ಉಣ್ಣು ಎನ್ನುವಂತೆ ಏನೋ ಹೇಳಿ ಕಣ್ಣು ಮುಚ್ಚಿದಳು.

ಅವಳು ಹೆಚ್ಚಾಗಿ ನಿದ್ದೆಯಲ್ಲಿಯೇ ಇರುತ್ತಿದ್ದಳು. ಅದು ಪೂರ್ತಿ ನಿದ್ದೆಯೂ ಅಲ್ಲ. ಮಧ್ಯಾಹ್ನದ ಬಿಸಿಲು ಬಾಗಿಲಿನಿಂದ ಬಂದು ಮಂಚದ ಮೇಲೆ ಬಿದ್ದಾಗ ಅವಳ ಬಲಗೈ ಮೆಲ್ಲಗೆ ಮೇಲೇಳುತ್ತಿತ್ತು. ಗಾಳಿಯಲ್ಲಿ ಏನನ್ನೋ ಮೊಗೆಯುತ್ತಿತ್ತು, ಎಲ್ಲಿಗೋ ಸುರಿಯುತ್ತಿತ್ತು. ಮತ್ತೆ ಮೊಗೆಯುತ್ತಿತ್ತು. ತುಟಿಯ ಮೇಲೆ ಒಂದೇ ಮಾತು ಇರುತ್ತಿತ್ತು.

ಒರ್ಚಾತಾ.

ಲಾಲಸಾಬ ಒಂದಿಡೀ ಬೆಳಿಗ್ಗೆ ಅವಳ ಹತ್ತಿರ ಕೂತು ಕೇಳಿ ಬಂದು ತಾತನಿಗೆ ಹೇಳಿದ. ಅದು ಅವರ ಕಡೆಯ ಒಂದು ಪಾನಕ, ಅಕ್ಕಿಯಿಂದ ಮಾಡುವುದು. ಇವಳು ತನ್ನ ಊರಿನ ಸಂತೆಯಲ್ಲಿ ನಲವತ್ತು ವರ್ಷ ಅದನ್ನೇ ಮಾರಿದ್ದಾಳೆ. ದೊಡ್ಡ ಗಾಜಿನ ಭರಣಿ, ಉದ್ದ ಹಿಡಿಯ ಸೌಟು. ಕನಸಿನಲ್ಲಿ ಈಗಲೂ ಅಲ್ಲೇ ನಿಂತಿದ್ದಾಳೆ.

ತಾತ ಪಂಪಣ್ಣನ ಕಡೆ ತಿರುಗಿದರು.

“ಅಕೀಗೆ ಅದನ್ನ ಕುಡಿಸು.”

ಪಂಪಣ್ಣನಿಗೆ ಖುಷಿಯಾಯಿತು. ಅಕ್ಕಿಯದು ಎಂದ ಮೇಲೆ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಕ್ಕಿಯನ್ನು ನುಣ್ಣಗೆ ರುಬ್ಬಿ, ಹಾಲು ಹಾಕಿ ಕುದಿಸಿದ. ಬೆಲ್ಲ ಕರಗಿಸಿದ. ಏಲಕ್ಕಿ ಕುಟ್ಟಿ ಹಾಕಿದ. ಕಾಯಿಲೆಯವಳು ಎಂದು ಒಂದು ಚಮಚ ತುಪ್ಪವನ್ನೂ ಬಿಟ್ಟ. ಘಮಘಮ ಎನ್ನುವ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಒಯ್ದ.

ಎಲ್ಲವ್ವ ಮೂಸಿ ನೋಡಿದಳು. ಅವನ ಮುಖ ನೋಡಿ ನಕ್ಕಳು. ಲೋಟವನ್ನು ತಿರುಗಿ ಅವನ ಕೈಗೇ ಕೊಟ್ಟಳು.

ಅವನು ಅದನ್ನು ತಾತನ ಹತ್ತಿರ ತಂದ. ತಾತ ಅಷ್ಟನ್ನೂ ಕುಡಿದು ಮೀಸೆ ಒರೆಸಿಕೊಂಡರು. ಪಾಯಸ ಚೆನ್ನಾಗಿದೆ ಎಂದರು.

ಪಾಯಸವಲ್ಲ, ಒರ್ಚಾತಾ ಎಂದ ಪಂಪಣ್ಣ.

“ಹೆಂಗ ಮಾಡಬೇಕಂತ ಅಕೀನ ಕೇಳಿದೇನು?”

ಪಂಪಣ್ಣ ಕೇಳಿರಲಿಲ್ಲ.

ಮರುದಿನ ಅವನು ಮೊರದಲ್ಲಿ ಅಕ್ಕಿ ಹಾಕಿಕೊಂಡು ಹೋಗಿ ಅವಳ ಮಂಚದ ಪಕ್ಕ ಇಟ್ಟ. ಲಾಲಸಾಬ ಅವತ್ತು ಬಂದಿರಲಿಲ್ಲ. ಮಾತು ಇಲ್ಲದೆಯೇ ಕೇಳಬೇಕಾಗಿತ್ತು. ಅವನು ಕೈ ತಿರುಗಿಸಿ ಹೇಗೆ ಎಂದು ಸನ್ನೆ ಮಾಡಿದ.

ಎಲ್ಲವ್ವ ಬಹಳ ಹೊತ್ತು ಮೊರವನ್ನು ನೋಡಿದಳು. ಆಮೇಲೆ ಗೋಡೆಗೆ ಒರಗಿ ಎದ್ದು ಕೂತಳು. ಬಂದ ಮೇಲೆ ಅವಳು ತಾನಾಗಿ ಎದ್ದು ಕೂತದ್ದು ಅದೇ ಮೊದಲು.

ಅಕ್ಕಿಯೊಳಗೆ ಬೆರಳು ಬಿಟ್ಟಳು. ಒಂದು ಕಾಳು ಹಲ್ಲಿನಲ್ಲಿ ಕಡಿದು ತಲೆಯಾಡಿಸಿದಳು. ಎರಡು ಹಿಡಿ ತೆಗೆದು ಬೇರೆ ಇಟ್ಟಳು. ಪಂಪಣ್ಣ ಮಸಾಲೆಯ ಡಬ್ಬಿಗಳನ್ನು ತಂದಾಗ ದಾಲ್ಚಿನ್ನಿ ಚಕ್ಕೆಯ ಒಂದು ತುಂಡು ಮುರಿಯಲು ನೋಡಿದಳು, ಅದು ಮುರಿಯಲಿಲ್ಲ. ಮೂಸಿ ಮೂಗು ಹಿಂದಕ್ಕೆ ಎಳೆದುಕೊಂಡಳು. ಅವಳ ಊರಿನ ಚಕ್ಕೆ ಕಾಗದದ ಹಾಗೆ ತೆಳು ಎಂದು ಎರಡು ಬೆರಳು ಉಜ್ಜಿ ತೋರಿಸಿದಳು. ಕೊನೆಗೆ ಉಗುರಿನಷ್ಟು ಒಂದು ಚೂರನ್ನು ಆರಿಸಿ ಅಕ್ಕಿಯ ಮೇಲೆ ಇಟ್ಟಳು. ಇಷ್ಟೇ ಸಾಕು.

ಏಲಕ್ಕಿ ತೋರಿಸಿದ. ಬೇಡ. ಬೆಲ್ಲ ತೋರಿಸಿದ. ಬೇಡ. ಸಕ್ಕರೆ ತೋರಿಸಿದ. ಹೂಂ ಎಂದಳು. ಒಲೆಯ ಕಡೆ ಕೈ ಮಾಡಿ ಕುದಿಸುವುದೇ ಎಂದು ಕೇಳಿದ. ಅವಳು ಎರಡೂ ಕೈ ಅಡ್ಡ ಆಡಿಸಿದಳು, ಬೆಂಕಿಯನ್ನು ಅದರ ಹತ್ತಿರ ತರಲೇಬೇಡ ಎನ್ನುವ ಹಾಗೆ.

ಆಮೇಲೆ ಬಾಗಿಲಿನಾಚೆ ಸೂರ್ಯನನ್ನು ತೋರಿಸಿದಳು. ಬೆರಳು ಪಡುವಣಕ್ಕೆ ಹೋಯಿತು, ಮಂಚದ ಕೆಳಗೆ ಮುಳುಗಿತು, ಮತ್ತೆ ಮೂಡಣದಲ್ಲಿ ಎದ್ದಿತು. ಅಷ್ಟು ಹೊತ್ತು ನೆನೆಯಬೇಕು.

ಪಂಪಣ್ಣ ಅಕ್ಕಿ ತೊಳೆದು, ಚಕ್ಕೆಯ ಚೂರಿನ ಜೊತೆ ಬಾವಿಯ ನೀರಿನಲ್ಲಿ ನೆನೆ ಹಾಕಿದ. ಮೇಲೆ ತಟ್ಟೆ ಮುಚ್ಚಿದ.

ಬೆಳಿಗ್ಗೆ ತಟ್ಟೆ ತೆಗೆದಾಗ ನೀರು ಮೋಡದ ಬಣ್ಣಕ್ಕೆ ತಿರುಗಿತ್ತು. ಅಕ್ಕಿ ಬೆರಳಿನಲ್ಲಿ ಹಿಡಿದರೆ ಮುರಿಯುತ್ತಿತ್ತು. ಅವನು ರುಬ್ಬುವ ಕಲ್ಲಿನ ಮುಂದೆ ಕೂತ.

ಕಲ್ಲು ತಿರುಗುತ್ತಿತ್ತು. ಹೊರಗೆ ಮಂಜು ಇನ್ನೂ ಎದ್ದಿರಲಿಲ್ಲ. ಕಲ್ಲಿನ ಗುರುಗುರು ಸದ್ದಿನಲ್ಲಿ ಪಂಪಣ್ಣನಿಗೆ ಕೂತಲ್ಲೇ ಜೋಂಪು ಹತ್ತಿತು. ಅವನು ಯಾವುದೋ ಸಂತೆಯಲ್ಲಿದ್ದ. ಜನ ಬರುತ್ತಿದ್ದರು, ಅವರ ಮುಖಗಳು ಕಾಣುತ್ತಿರಲಿಲ್ಲ, ಚಾಚಿದ ಕೈಗಳು ಮಾತ್ರ ಕಾಣುತ್ತಿದ್ದವು. ಎಲ್ಲ ಕೈಗಳಲ್ಲೂ ಖಾಲಿ ಲೋಟ. ಅವನು ಸುರಿಯುತ್ತಲೇ ಇದ್ದ, ಭರಣಿ ಬರಿದಾಗುತ್ತಿರಲಿಲ್ಲ. ತನ್ನ ಕೈಯಲ್ಲಿ ಲೋಟವಿಲ್ಲ ಎಂದು ಅವನಿಗೆ ಆ ಕನಸಿನಲ್ಲಿ ಹೊಳೆಯಲೇ ಇಲ್ಲ.

ಕಣ್ಣು ಬಿಟ್ಟಾಗ ಕಲ್ಲಿನ ಗುಳಿಯ ತುಂಬ ಬಿಳಿ ಹಿಟ್ಟು ತೇಲುತ್ತಿತ್ತು.

ತೆಳು ಅರಿವೆಯಲ್ಲಿ ಒಮ್ಮೆ ಸೋಸಿದ. ಎರಡು ಸಲ ಸೋಸಬೇಕು ಎಂದು ಎಲ್ಲವ್ವ ಸನ್ನೆಯಲ್ಲಿ ಹೇಳಿದ್ದು ನೆನಪಾಗಿ ಇನ್ನೊಮ್ಮೆ ಸೋಸಿದ. ನೀರು ಸೇರಿಸಿ ತೆಳ್ಳಗೆ ಮಾಡಿದ. ಸಕ್ಕರೆ ಕರಗಿಸಿದ. ಹೊಳೆಯ ಹಸಿ ಮರಳಿನಲ್ಲಿ ಮಣ್ಣಿನ ಗಡಿಗೆಯನ್ನು ಕುತ್ತಿಗೆವರೆಗೆ ಹೂತು, ಅದರಲ್ಲಿ ಸುರಿದು, ತಣ್ಣಗಾಗಲು ಬಿಟ್ಟ. ತನ್ನದು ಎಂದು ಏನನ್ನೂ ಅದಕ್ಕೆ ಹಾಕಲಿಲ್ಲ. ಹಾಗೆ ಅಡಿಗೆ ಮಾಡುವುದು ಅವನಿಗೆ ಕಷ್ಟವಾಯಿತು.

ಬಿಸಿಲೇರಿದ ಮೇಲೆ ಗಡಿಗೆ ತಂದು ಒಂದು ಲೋಟ ತುಂಬಿ ಕೊಟ್ಟ.

ಎಲ್ಲವ್ವ ಲೋಟವನ್ನು ಓರೆ ಮಾಡಿ ನೋಡಿದಳು. ಲೋಟದ ಅಂಚಿಗೆ ಬಿಳಿ ಪೊರೆ ಹತ್ತಿ ಮೆಲ್ಲಗೆ ಇಳಿಯಿತು. ಮೂಸಿದಳು. ಅವಳ ಕಣ್ಣಿನ ತುಂಬ ನೀರು ಬಂತು. ಒರ್ಚಾತಾ ಎಂದಳು. ಈ ಸಲ ಅದು ಕನಸಿನ ಮಾತಾಗಿರಲಿಲ್ಲ.

ಆಮೇಲೆ ಆ ಲೋಟವನ್ನು ಪಂಪಣ್ಣನ ಮುಂದೆ ಚಾಚಿದಳು.

ಅವನು ಕೈ ಮುಗಿದು ಒಂದು ಹೆಜ್ಜೆ ಹಿಂದೆ ಸರಿದ. ನೀವು ಕುಡಿಯಿರಿ ಎಂದು ಸನ್ನೆ ಮಾಡಿದ.

ಅವಳ ಕೈ ಹಾಗೇ ಇತ್ತು. ಅವನು ಮತ್ತೆ ಕೈ ಮುಗಿದ. ಕೊನೆಗೆ ಎಲ್ಲವ್ವ ಲೋಟವನ್ನು ನೆಲದ ಮೇಲೆ ಇಟ್ಟಳು. ಗೋಡೆಯ ಕಡೆ ಹೊರಳಿ ಮಲಗಿದಳು.

ಲಾಲಸಾಬ ಬಂದಾಗ ಯಾಕೆ ಕುಡಿಯಲಿಲ್ಲ ಎಂದು ಅವಳನ್ನು ಕೇಳಿದ. ಅವಳು ಹೇಳಿದ್ದನ್ನು ತಾತನ ಮುಂದೆ ಬಂದು ಹೇಳಿದ. ಅವಳ ತಾಯಿ ಅವಳಿಗೆ ಕಲಿಸಿದ್ದು ಅದು. ಎದುರಿಗೆ ನಿಂತವರಲ್ಲಿ ಒಬ್ಬರ ಬಾಯಿ ಒಣಗಿದ್ದರೂ ಮಾರುವವಳು ಕುಡಿಯುವ ಹಾಗಿಲ್ಲ. ಮಾರುವವಳದ್ದು ಯಾವಾಗಲೂ ಕೊನೆಯ ಲೋಟ. ನಲವತ್ತು ವರ್ಷ ಅವಳು ಹಾಗೆಯೇ ಕುಡಿದಿದ್ದಾಳೆ, ಭರಣಿಯ ತಳದಲ್ಲಿ ಉಳಿದದ್ದನ್ನು.

ಪಂಪಣ್ಣನ ಮುಖ ಅರಳಿತು. ಎಲ್ಲಿಯೋ ಸಮುದ್ರದಾಚೆಯ ಒಂದು ಸಂತೆಯಲ್ಲಿ ತನ್ನಂಥದೇ ಒಂದು ಜೀವ ಇದೆ ಎಂದು ಅವನಿಗೆ ಅನ್ನಿಸಿತು. ಅದನ್ನು ತಾತನಿಗೆ ಹೇಳಿದ.

ತಾತ ಹಗ್ಗ ಹೊಸೆಯುತ್ತಿದ್ದರು. ತಲೆ ಎತ್ತಲಿಲ್ಲ.

“ಅಕಿ ಕಡೀಗೆ ಕುಡಿಯಾಕಿ, ನೀ ಕಡೀಗೆ ಉಣ್ಣಾಂವ. ಇಬ್ಬರೂ ದೊಡ್ಡವರು. ಮೊದಲ ಲೋಟ ಯಾರದು?”

ಇದಕ್ಕೆ ದಾರಿ ಇದೆ ಎಂದು ಪಂಪಣ್ಣ ಯೋಚಿಸಿದ. ಮರುದಿನ ಹೊಸದಾಗಿ ಮಾಡಿದ ಒರ್ಚಾತಾವನ್ನು ಎಲ್ಲವ್ವನ ಕೋಣೆಗೆ ತಂದ. ತಾತನನ್ನೂ ಲಾಲಸಾಬನನ್ನೂ ಅಲ್ಲಿ ಕೂರಿಸಿದ. ಮೊದಲು ತಾತನಿಗೆ ಕೊಟ್ಟ. ಆಮೇಲೆ ಲಾಲಸಾಬನಿಗೆ ಕೊಟ್ಟ. ಇಬ್ಬರೂ ಕುಡಿಯುವುದನ್ನು ಎಲ್ಲವ್ವ ದಿಂಬಿನ ಮೇಲಿಂದ ನೋಡುತ್ತಿದ್ದಳು. ಗಂಟಲು ಏರಿಳಿಯುವುದನ್ನು ನೋಡುತ್ತಿದ್ದಳು. ಅವಳ ಮುಖದಲ್ಲಿ ತಂಪು ಇಳಿದಿತ್ತು, ಕುಡಿದದ್ದು ಅವಳೇ ಎನ್ನುವ ಹಾಗೆ.

ಪಂಪಣ್ಣ ಮೂರನೆಯ ಲೋಟ ತುಂಬಿ ಅವಳ ಕಡೆ ಹಿಡಿದ.

ಅವಳು ಬೆರಳೆತ್ತಿ ಅವನನ್ನೇ ತೋರಿಸಿದಳು. ಇನ್ನೊಬ್ಬ ನಿಂತಿದ್ದಾನೆ.

ಅವನು ಲೋಟ ಹಿಡಿದು ನಿಂತೇ ಇದ್ದ. ಅವಳು ಉಂಡಿಲ್ಲ, ತಾನು ಹೇಗೆ ಮುಟ್ಟುವುದು. ತಾತ ಎದ್ದು ಹೊರಗೆ ಹೋದರು. ಲಾಲಸಾಬನೂ ಹೋದ. ಕೋಣೆಯಲ್ಲಿ ಇಬ್ಬರೇ ಉಳಿದರು, ನಡುವೆ ಒಂದು ತುಂಬಿದ ಲೋಟ. ಬಿಸಿಲು ನೆಲದ ಮೇಲೆ ಸರಿದು, ಗೋಡೆ ಹತ್ತಿ, ಹೊರಗೆ ಹೋಯಿತು. ಸಂಜೆಗೆ ಒರ್ಚಾತಾ ಹುಳಿಯಾಯಿತು. ಪಂಪಣ್ಣ ಅದನ್ನು ಬೇವಿನ ಬುಡಕ್ಕೆ ಸುರಿದ.

ಮರುದಿನವೂ ಹಾಗೇ ಆಯಿತು. ಅದರ ಮರುದಿನವೂ ಆಯಿತು.

ಹಸಿವು ಅವಳನ್ನು ಸೋಲಿಸುತ್ತದೆ, ಇವತ್ತಲ್ಲದಿದ್ದರೆ ನಾಳೆ ಕುಡಿಯುತ್ತಾಳೆ ಎಂದು ಪಂಪಣ್ಣ ಅಂದುಕೊಂಡಿದ್ದ. ಆದರೆ ಎಲ್ಲವ್ವನಿಗೆ ಹಸಿವು ಇದ್ದಂತೆ ಕಾಣಲಿಲ್ಲ. ಅವಳು ದಿನದಿಂದ ದಿನಕ್ಕೆ ಹಗುರಾಗುತ್ತಿದ್ದಳು. ಮಂಚದ ಮೇಲೆ ಕಂಬಳಿ ಇದೆಯೋ, ಕಂಬಳಿಯೊಳಗೆ ಅವಳು ಇದ್ದಾಳೋ ಹೇಳುವುದು ಕಷ್ಟವಾಗಿತ್ತು. ಕೈ ಈಗಲೂ ಗಾಳಿಯಲ್ಲಿ ಏಳುತ್ತಿತ್ತು, ಆದರೆ ಮೊಗೆಯುವಷ್ಟು ಮೇಲಕ್ಕೆ ಬರುತ್ತಿರಲಿಲ್ಲ.

ಲಾಲಸಾಬ ಪಂಪಣ್ಣನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿ ಬೈದ. ಒಬ್ಬ ಮುದುಕಿಯ ಜೀವ ಹೋಗುವ ತನಕ ಹಿಡಿದುಕೊಳ್ಳುವಂಥ ನೇಮ ಯಾವುದು ಎಂದು ಕೇಳಿದ. ಅವಳ ಜನ ಬಂದು ಕೇಳಿದರೆ ನೀನೇ ಉತ್ತರ ಕೊಡು, ನಾನು ಕೊಡುವುದಿಲ್ಲ ಎಂದ. ಹರಿಗೋಲು ಮಂಜಿನೊಳಗೆ ಹೋಗಿ ಕಾಣದಾಯಿತು. ಹುಟ್ಟಿನ ಸದ್ದು ಮಾತ್ರ ಬಹಳ ಹೊತ್ತು ಕೇಳುತ್ತಿತ್ತು.

ಪಂಪಣ್ಣ ತಾತನ ಹತ್ತಿರ ಬಂದು ಕೂತ. ನೇಮ ಬಿಡಲೇ ಎಂದು ಕೇಳಿದ.

ತಾತ ಹಗ್ಗ ಹೊಸೆಯುತ್ತಲೇ ಇದ್ದರು.

ನೀವು ಬಿಡು ಎಂದರೆ ಈಗಲೇ ಬಿಡುತ್ತೇನೆ, ಒಂದು ಮಾತು ಹೇಳಿ ಸಾಕು ಎಂದ.

ತಾತ ಹೊಸೆದ ಹಗ್ಗವನ್ನು ಎಳೆದು ಗಟ್ಟಿ ಇದೆಯೇ ನೋಡಿದರು.

“ನಾ ಹೇಳಿದರ ನೀ ನನ್ನ ಮಾತಿಗೆ ಕುಡೀತಿ. ಅಕಿ ನಲವತ್ತು ವರ್ಷ ಮಂದಿ ಕುಡಿಯೋದು ನೋಡ್ಯಾಳ. ಅಕೀಗೆ ಗೊತ್ತಾಗತೈತಿ.”

ಪಂಪಣ್ಣ ಎದ್ದು ಹೊಳೆಯ ಮರಳಿನ ಕಡೆಗೆ ಹೋದ. ನಸುಕಿನಲ್ಲಿ ಹೂತಿಟ್ಟ ಗಡಿಗೆ ತಣ್ಣಗೆ ಕಾಯುತ್ತಿತ್ತು. ಅದನ್ನು ಎತ್ತಿಕೊಂಡು ಎಲ್ಲವ್ವನ ಕೋಣೆಗೆ ಬಂದ. ದಿನವೂ ಬಾಗಿಲ ಹತ್ತಿರ ನಿಲ್ಲುತ್ತಿದ್ದವನು ಅವತ್ತು ಮಂಚದ ಪಕ್ಕ ನೆಲದ ಮೇಲೆ ಕೂತುಬಿಟ್ಟ. ಗಡಿಗೆಯನ್ನು ಮಡಿಲಿನಲ್ಲಿ ಇಟ್ಟುಕೊಂಡ.

ಮಂಜು ಕೋಣೆಯ ಬಾಗಿಲವರೆಗೆ ಬಂದು ನಿಂತಿತ್ತು.

ಆಮೇಲೆ ಮಾತಾಡತೊಡಗಿದ. ಅವಳಿಗೆ ಕನ್ನಡ ಬರುವುದಿಲ್ಲ ಎಂದು ಗೊತ್ತಿದ್ದೇ ಮಾತಾಡಿದ. ಹನ್ನೊಂದು ವರ್ಷದಲ್ಲಿ ಯಾರಿಗೂ ಹೇಳದ್ದನ್ನು ಹೇಳಿದ.

ಖಾನಾವಳಿಯಲ್ಲಿ ಅವನು ಮೊದಲು ಉಣ್ಣುವವನು. ಅಡಿಗೆ ಇಳಿಸುತ್ತಲೇ ಒಳ್ಳೆಯದನ್ನೆಲ್ಲ ತನ್ನ ತಟ್ಟೆಗೆ ತೆಗೆದಿಟ್ಟು, ಮೇಲೊಂದು ತಟ್ಟೆ ಮುಚ್ಚಿ, ಅಟ್ಟದ ಮೇಲೆ ಇಡುತ್ತಿದ್ದ. ಒಂದು ಮಧ್ಯಾಹ್ನ ಒಬ್ಬ ಮುದುಕ ಬಂದ. ಬಿಸಿಲಿನಲ್ಲಿ ಬಹಳ ದೂರ ನಡೆದು ಬಂದವನ ಹಾಗೆ ಇದ್ದ. ಪಂಪಣ್ಣ ಊಟ ಮುಗಿದಿದೆ ಎಂದ. ಮುದುಕ ಒಂದು ಹಿಡಿ ಅನ್ನ ಇದ್ದರೂ ಸಾಕು ಎಂದ. ಇಲ್ಲ ಎಂದ ಪಂಪಣ್ಣ. ಅಟ್ಟದ ಮೇಲೆ ತಟ್ಟೆ ತುಂಬಿತ್ತು. ಮುದುಕ ಜಗಳ ಮಾಡಲಿಲ್ಲ. ಒಂದು ಲೋಟ ನೀರು ಕುಡಿದು, ಲೋಟವನ್ನು ತೊಳೆದು ಬೋರಲು ಹಾಕಿ, ಹೋದ.

ಆ ತಟ್ಟೆಯನ್ನು ಅವತ್ತು ಪಂಪಣ್ಣ ಉಣ್ಣಲು ಕೂತ. ತುತ್ತು ಇಳಿಯಲಿಲ್ಲ. ಎದ್ದು ಬೀದಿಯಲ್ಲಿ ಓಡಿ ನೋಡಿದ, ಬಸ್ ನಿಲ್ದಾಣದವರೆಗೂ ಹೋದ. ಮುದುಕ ಎಲ್ಲೂ ಇರಲಿಲ್ಲ.

ಇಷ್ಟನ್ನು ಹೇಳಿ ಪಂಪಣ್ಣ ತಲೆ ತಗ್ಗಿಸಿದ.

“ಅವನು ಉಂಡಾನೋ ಇಲ್ಲೋ ಇವತ್ತಿಗೂ ನನಗ ಗೊತ್ತಿಲ್ಲ, ಎಲ್ಲವ್ವ. ಅದಕ್ಕ ನಾ ಕಡೀಗೆ ಉಣ್ಣತೀನಿ.”

ಎಲ್ಲವ್ವ ಕಣ್ಣು ತೆರೆದಿದ್ದಳು. ಅವಳಿಗೆ ತಿಳಿದದ್ದು ತನ್ನ ಹೆಸರು ಒಂದೇ. ಆದರೆ ಅವಳು ಅವನ ಮಾತನ್ನು ಮೊದಲಿನಿಂದ ಕೊನೆತನಕ ಕೇಳಿಸಿಕೊಂಡಿದ್ದಳು. ನಲವತ್ತು ವರ್ಷದ ಸಂತೆಯಲ್ಲಿ ಎಷ್ಟು ಜನ ಬಂದು ಅವಳ ಭರಣಿಯ ಮುಂದೆ ನಿಂತಿದ್ದರೋ. ಬಾಯಾರಿದವರ ಮುಖ ಹೇಗಿರುತ್ತದೆ ಎಂದು ಅವಳಿಗೆ ಹೇಳಬೇಕಾಗಿರಲಿಲ್ಲ.

ಅವಳು ಮೊಣಕೈ ಊರಿ ಮೆಲ್ಲಗೆ ಎದ್ದಳು. ಗಡಿಗೆಯೊಳಗೆ ಲೋಟ ಅದ್ದಿದಳು. ಎತ್ತುವಾಗ ಅರ್ಧ ಚೆಲ್ಲಿತು. ಮತ್ತೆ ಅದ್ದಿದಳು. ತುಂಬಿದ ಲೋಟವನ್ನು ಅವನ ಮುಂದೆ ಹಿಡಿದಳು.

ಪಂಪಣ್ಣ ಕೈ ಚಾಚಿದ. ತೆಗೆದುಕೊಂಡ.

ಲೋಟ ತುಟಿಗೆ ತಾಗಿದಾಗ ಅವನ ಹಲ್ಲು ಲೋಹಕ್ಕೆ ಬಡಿದು ಸದ್ದಾಯಿತು. ಮೊದಲು ತಂಪು ಬಂತು. ಆಮೇಲೆ ಅಕ್ಕಿ, ಬೆಂದ ಅನ್ನದ ರುಚಿಯಲ್ಲ, ಹಾಲುಗಟ್ಟಿದ ತೆನೆಯನ್ನು ಗದ್ದೆಯಲ್ಲೇ ಬಾಯಿಗೆ ಹಾಕಿಕೊಂಡರೆ ಬರುವ ರುಚಿ. ಸಿಹಿ ಹಿಂದೆ ಎಲ್ಲೋ ಇತ್ತು. ಚಕ್ಕೆ ಕೊನೆಗೆ ಬಂತು, ಬಂದೇ ಇಲ್ಲ ಎನ್ನುವಷ್ಟು ಸಣ್ಣಗೆ, ಪಕ್ಕದ ಕೋಣೆಯಲ್ಲಿ ಯಾರೋ ಹಾಡಿಕೊಂಡ ಹಾಗೆ. ಐದು ದಿನ ತನ್ನ ಕೈಯಾರೆ ಮಾಡಿದ್ದು ಇದು, ಹೀಗಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ.

ಅವನು ನಿಲ್ಲಿಸದೆ ಕುಡಿದ. ತಳದ ಹನಿಯನ್ನೂ ಕುಡಿದ. ಕಣ್ಣಿನಿಂದ ನೀರು ಇಳಿದು ಗಲ್ಲದ ಮೇಲೆ ಹರಿಯಿತು, ಒರೆಸಿಕೊಳ್ಳಲಿಲ್ಲ.

ಲೋಟ ಇಳಿಸಿದಾಗ ಅವನ ಮೀಸೆ ಬೆಳ್ಳಗಾಗಿತ್ತು. ಎಲ್ಲವ್ವ ಅದನ್ನು ನೋಡಿ ನಕ್ಕಳು. ಸದ್ದು ಬರದ ನಗು, ಮೈ ಮಾತ್ರ ಕುಲುಕಿತು. ಕಂಬಳಿಯ ತುದಿಯಿಂದ ಅವನ ಮೀಸೆ ಒರೆಸಿದಳು, ಚಿಕ್ಕ ಮಕ್ಕಳಿಗೆ ಒರೆಸುವ ಹಾಗೆ.

ಆಮೇಲೆ ಗಡಿಗೆಯನ್ನು ಅವನ ಕಡೆಗೆ ಸರಿಸಿ, ಕೈ ಮಡಿಲಲ್ಲಿ ಇಟ್ಟುಕೊಂಡು ಕಾದಳು.

ಪಂಪಣ್ಣ ಅದೇ ಲೋಟವನ್ನು ತುಂಬಿದ. ಎಲ್ಲವ್ವ ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಗುಟುಕು ಗುಟುಕಾಗಿ ಕುಡಿದಳು. ಲೋಟ ಖಾಲಿಯಾಗುವ ಹೊತ್ತಿಗೆ ಮಂಜು ಎದ್ದು ಬೇವಿನ ಮರ ಕಾಣತೊಡಗಿತ್ತು. ಅವಳು ಮಲಗಿದಳು. ಅವತ್ತು ಅವಳ ಕೈ ಗಾಳಿಯಲ್ಲಿ ಏಳಲಿಲ್ಲ.

ಮರುದಿನ ಎರಡು ಲೋಟ ಕುಡಿದಳು. ಅದರ ಮರುದಿನ ಗಂಜಿ ಸೇರಿತು. ಆಮೇಲೆ ಹಾಲಿನಲ್ಲಿ ನೆನೆಸಿದ ರೊಟ್ಟಿ. ಪ್ರತಿ ಸಲವೂ ಮೊದಲ ತುತ್ತು ಪಂಪಣ್ಣ ಅವಳ ಎದುರಿಗೆ ತಿನ್ನಬೇಕಾಗಿತ್ತು, ಇಲ್ಲದಿದ್ದರೆ ಅವಳು ಮುಟ್ಟುತ್ತಿರಲಿಲ್ಲ. ಅವನು ಬಾಗಿಲ ಕಡೆ ಒಮ್ಮೆ ನೋಡಿ ತಿನ್ನುತ್ತಿದ್ದ. ನಾಲ್ಕೈದು ದಿನದಲ್ಲಿ ಅವಳು ಗೋಡೆ ಹಿಡಿದು ಅಡಿಗೆಮನೆಗೆ ಬಂದಳು. ರುಬ್ಬುವ ಕಲ್ಲಿನ ಮುಂದೆ ಕೂತು, ಅವನ ಕೈಯನ್ನು ತಳ್ಳಿ, ತಾನೇ ತಿರುಗಿಸಿದಳು. ಅವನು ಎಷ್ಟು ನುಣ್ಣಗೆ ರುಬ್ಬುತ್ತಿದ್ದನೋ ಅಷ್ಟು ಬೇಡ ಎಂದು ತೋರಿಸಿಕೊಟ್ಟಳು.

ಲಾಲಸಾಬನೂ ಬಂದ. ಬೈದದ್ದನ್ನು ಮರೆತುಬಿಡು ಎಂದು ಪಂಪಣ್ಣನಿಗೆ ಹೇಳಿದ. ನೀನು ಬೈದದ್ದು ಸರಿಯಾಗಿಯೇ ಇತ್ತು ಎಂದ ಪಂಪಣ್ಣ.

ಹದಿನೈದನೆಯ ದಿನ ಅವಳ ಜನ ಆಚೆ ದಂಡೆಗೆ ಬಂದು ಕಾಯುತ್ತಿದ್ದರು. ಎಲ್ಲವ್ವ ತಾತನ ಕಾಲು ಮುಟ್ಟಿದಳು. ಪಂಪಣ್ಣನ ತಲೆಯ ಮೇಲೆ ಕೈ ಇಟ್ಟು ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಲಾಲಸಾಬ ಅದನ್ನು ಕನ್ನಡಕ್ಕೆ ಮಾಡಲು ನೋಡಿ, ಅಷ್ಟು ತನಗೆ ಬರುವುದಿಲ್ಲ ಎಂದ. ಹರಿಗೋಲು ಸುತ್ತು ತಿರುಗುತ್ತ ಹೊಳೆಯ ನಡುವೆ ಹೋಯಿತು. ಬಿಸಿಲು ನೀರಿನ ಮೇಲೆ ಬಿದ್ದು ಎಲ್ಲ ಬೆಳ್ಳಗಾಗಿ, ಕೊನೆಗೆ ಅವಳು ಎತ್ತಿದ ಕೈ ಯಾವುದು, ಬೆಳಕು ಯಾವುದು ತಿಳಿಯದೆ ಹೋಯಿತು.

ಮಧ್ಯಾಹ್ನ ಪಂಪಣ್ಣ ತಾತನಿಗೆ ಎಲೆ ಹಾಕಿದ. ಅನ್ನ ಬಡಿಸಿದ, ಸಾರು ಬಡಿಸಿದ. ಎಂದಿನ ಹಾಗೆ ಸೌಟು ಹಿಡಿದು ಪಕ್ಕದಲ್ಲಿ ನಿಂತ. ತಾತ ಅನ್ನ ಕಲಸಿದರು.

ಅಷ್ಟು ದಿನ ಅದುಮಿಟ್ಟುಕೊಂಡದ್ದನ್ನು ಅವನಿಗೆ ಇನ್ನು ಹಿಡಿದಿಡಲು ಆಗಲಿಲ್ಲ. ನೇಮ ಮುರಿದದ್ದನ್ನು ಹೇಳಿದ. ಒಂದು ದಿನವಲ್ಲ, ದಿನವೂ ನಿಮಗಿಂತ ಮೊದಲು ಬಾಯಿಗೆ ಹಾಕಿದ್ದೇನೆ ಎಂದ. ಒರ್ಚಾತಾ ಕುಡಿಯುವಾಗ ತನಗೆ ಸಂತೋಷವಾಯಿತು, ಅದೇ ದೊಡ್ಡ ತಪ್ಪು ಅನ್ನಿಸುತ್ತದೆ ಎಂದ. ಈಗ ಅವಳು ಹೋದಳು. ಎಲ್ಲ ಮೊದಲಿನ ಹಾಗೆ ಆಯಿತು.

“ತಾತ, ನೇಮ ಮತ್ತ ಹಿಡೀಲೇನು?”

ತಾತ ಕಲಸಿದ ತುತ್ತನ್ನು ಎಲೆಯ ಮೇಲೆ ಹಾಗೇ ಬಿಟ್ಟರು. ಕೂತಿದ್ದ ಚಾಪೆಯ ಮೇಲೆ ಒಂದು ಕಡೆಗೆ ಸರಿದರು. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗವಾಯಿತು.

“ಇನ್ನೊಂದು ಎಲಿ ತಗೊಂಡು ಬಾ, ಪಂಪಣ್ಣ. ಹನ್ನೊಂದು ವರ್ಷ ಆತು, ನಾ ಒಬ್ಬನ ಉಣ್ಣಾಕ ಹತ್ತಿ.”